ಕತ್ತಲ ಕೋಣೆಯ ಟೊಮೆಟೊ ಸಸಿಗಳು

ಸಸಿ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ನನಗೆ ಎಲೆ ನೋಡಬೇಕಾಗಿಲ್ಲ, ಕುತ್ತಿಗೆ ಸಾಕು. ಮಣ್ಣಿನಿಂದ ಕಾಂಡ ಮೇಲೆದ್ದ ಜಾಗಕ್ಕೆ ನಾವು ಕುತ್ತಿಗೆ ಅನ್ನುತ್ತೇವೆ. ಅಲ್ಲಿ ಬೆರಳಿಟ್ಟರೆ ಗೊತ್ತಾಗಿಬಿಡುತ್ತದೆ. ಗಟ್ಟಿಯಾಗಿದ್ದರೆ ಬದುಕುತ್ತದೆ. ನೂಲಿನಂತೆ ಸಣ್ಣಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೇಲೆ ಎಲೆ ಎಷ್ಟೇ ಹಸಿರಾಗಿದ್ದರೂ ನಾಳೆ ಬೆಳಿಗ್ಗೆ ಮಲಗಿರುತ್ತದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬಪಡುವಂಥದ್ದು ನನ್ನ ಹತ್ತಿರ ಬೇರೇನೂ ಹೆಚ್ಚಿಲ್ಲ, ಇರುವುದನ್ನು ಯಾಕೆ ಬಿಡಲಿ?

ಕಲಿತದ್ದು ತವರಿನಲ್ಲಿ. ಹಡಗಲಿ ಕಡೆಯ ನಮ್ಮೂರಿನ ಪಕ್ಕ ಒಂದು ನರ್ಸರಿ ಇತ್ತು, ಮದುವೆಗೆ ಮೊದಲು ಅಲ್ಲಿಗೆ ಕೂಲಿಗೆ ಹೋಗುತ್ತಿದ್ದೆ. ಪ್ಲಾಸ್ಟಿಕ್ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬುವುದು, ಬೆರಳಲ್ಲಿ ಕುಳಿ ಒತ್ತುವುದು, ಕುಳಿಗೊಂದು ಬೀಜ ಹಾಕಿ ಮುಚ್ಚುವುದು. ಕೂಲಿಗೆಂದು ಹೋದವಳಿಗೆ ಅದೇ ಹುಚ್ಚು ಹಿಡಿಯಿತು. ಮದುವೆಯಾಗಿ, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಈ ಊರಿಗೆ ಬಂದ ಮೇಲೂ, ಯಾರ ಹೊಲದ ಬದುವಿನ ಮೇಲೆ ನಡೆದರೂ ನನ್ನ ಕಣ್ಣು ಸಸಿಗಳ ಕುತ್ತಿಗೆಗೇ ಹೋಗುತ್ತಿತ್ತು. ನನ್ನ ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ, ರೈತರ ತರಕಾರಿಯನ್ನು ಮಾರುಕಟ್ಟೆಗೆ ಸಾಗಿಸುತ್ತಾರೆ. "ನಿನ್ನ ಜೋಡಿ ನಡದ್ರ ಹೊತ್ತು ಮುಣುಗಿದ್ರೂ ಊರು ಮುಟ್ಟಾದಿಲ್ಲ" ಎಂದು ಅವರು ರೇಗಿಸುತ್ತಿದ್ದರು.

ನಮ್ಮ ಮನೆಯ ಹಿಂದೆ, ಬೋರ್‌ವೆಲ್ ಪಕ್ಕದಲ್ಲಿ, ಒಂದು ತುಂಡು ಹೊಲ ಇದೆ. ಅದು ಅತ್ತೆಯದು. ಕಾಗದದಲ್ಲೂ ಅವರದೇ, ಮಾತಿನಲ್ಲೂ ಅವರದೇ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನನಗೆ ಕೈ ಖಾಲಿ ಅನ್ನಿಸಿ, ಅಲ್ಲಿ ನೆರಳು ಪರದೆ ಕಟ್ಟಿ ಸಸಿ ಬೆಳೆಸಿ ಮಾರುತ್ತೇನೆ ಎಂದು ಕೇಳಿದೆ. ಕೇಳುವುದಕ್ಕೆ ಮೊದಲು ಎಷ್ಟೋ ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅತ್ತೆ ಅದಕ್ಕೆಲ್ಲ ಅವಕಾಶವನ್ನೇ ಕೊಡಲಿಲ್ಲ.

"ಮುಂಗಾರು ಮಳಿ ಬೀಳೋತನ ನಿನ್ನ ಆಟ ಆಡಿಕೋ," ಎಂದರು. "ಮಳಿ ಬಿತ್ತು ಅಂದ್ರ ಪರದಿ ಬಿಚ್ಚಬೇಕು. ಅಲ್ಲಿ ಮೆಕ್ಕೆಜೋಳ ಬಿತ್ತಬೇಕು. ಆ ಮ್ಯಾಲ ಮತ್ತ ನನ್ನ ಕೇಳಬ್ಯಾಡ."

ಜಾಗ ಸಿಕ್ಕಿತು ಎಂದು ಖುಷಿಪಡಬೇಕಿತ್ತು. ಆದರೆ 'ಆಟ' ಅನ್ನುವ ಮಾತು ನನ್ನನ್ನು ಚುಚ್ಚಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಓಣಿಗೆಲ್ಲ ಗೊತ್ತಿರುವ ವಿಷಯ. ಅವತ್ತು ಹೇಗೋ ಬಾಯಿ ಮುಚ್ಚಿಕೊಂಡೆ. ಮಳೆ ಬರುವಷ್ಟರಲ್ಲಿ ಒಂದು ಸಲವಾದರೂ ಸಸಿ ಎಬ್ಬಿಸಿ, ಮಾರಿ, ಅವು ಬೇರೆಯವರ ಹೊಲದಲ್ಲಿ ನಿಂತು ತೋರಿಸಬೇಕು. ಇಲ್ಲದಿದ್ದರೆ ಈ ಜನ್ಮದಲ್ಲಿ ಇನ್ನೊಮ್ಮೆ ಆ ಮಾತನ್ನು ಎತ್ತುವ ಹಾಗಿರಲಿಲ್ಲ.

ಮೊದಲ ಗಿರಾಕಿಯನ್ನು ಹುಡುಕಿಕೊಟ್ಟವರು ನನ್ನ ಗಂಡ. ಕೂಡ್ಲಿಗಿ ಕಡೆಯ ಒಬ್ಬ ರೈತ. ವರ್ಷವರ್ಷವೂ ಟೊಮೆಟೊ ಹಾಕುವ ಆಸಾಮಿ. ಅವನ ಕಾಯಿ ನಮ್ಮ ಗಾಡಿಯಲ್ಲೇ ಹೋಗುತ್ತಿತ್ತು. ಸಸಿ ಕೊಳ್ಳುವುದರಲ್ಲಿ ಅವನಷ್ಟು ಕಿರಿಕಿರಿಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಗಂಡ ಮೊದಲೇ ಹೆದರಿಸಿದ್ದರು. ತಾನು ಕಿತ್ತು ನೋಡುತ್ತೇನೆ, ಮನಸ್ಸಿಗೆ ಬಂದರೆ ಅಷ್ಟೂ ಒಯ್ಯುತ್ತೇನೆ, ಬರದಿದ್ದರೆ ಖಾಲಿ ಗಾಡಿಯಲ್ಲಿ ವಾಪಸ್ ಹೋಗುತ್ತೇನೆ ಎಂದು ಅವನು ಫೋನಿನಲ್ಲಿ ನನಗೂ ಹೇಳಿದ. ನನಗೆ ಅಂಥವನೇ ಬೇಕಾಗಿತ್ತು. ಯಾವುದಕ್ಕೂ ತಲೆ ಆಡಿಸುವವನು ಹೊಗಳಿದರೆ ಅತ್ತೆ ಕಿವಿಗೆ ಹಾಕಿಕೊಳ್ಳುವವರಲ್ಲ.

ಬೇಸಿಗೆ ಇನ್ನೂ ಉರಿಯುತ್ತಿತ್ತು. ಬೀಜ ಹಾಕಿ, ಟ್ರೇಗಳನ್ನು ಕಾಳಿನ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿ, ಮೇಲೆ ತಾಡಪಾಲು ಹೊದಿಸಿದೆ. ಮೊಳಕೆ ಒಡೆಯುವ ತನಕ ಬೀಜಕ್ಕೆ ಕತ್ತಲೆ, ಬೆಚ್ಚಗೆ, ಹಸಿ, ಇಷ್ಟಿದ್ದರೆ ಸಾಕು. ಒಡೆದ ಮೇಲೆ ಮಾತ್ರ ಒಂದು ದಿನವೂ ತಡಮಾಡಬಾರದು, ಬೆಳಕಿಗೆ ತರಬೇಕು. ಅಷ್ಟರಲ್ಲಿ ತವರಿನಿಂದ ಕರೆ ಬಂತು, ಅಣ್ಣನ ಮಗುವಿಗೆ ತೊಟ್ಟಿಲು ಶಾಸ್ತ್ರ. ಹೋಗದಿದ್ದರೆ ಅತ್ತಿಗೆ ಬದುಕಿರುವವರೆಗೂ ಆಡಿಕೊಳ್ಳುತ್ತಾಳೆ. ಅತ್ತೆಗೆ ಒಪ್ಪಿಸಿ ಹೊರಟೆ.

"ಮೊಳಕಿ ತಲಿ ಎತ್ತಿದ ಕೂಡ್ಲೆ ತಾಡಪಾಲು ತೆಗದು, ಟ್ರೇ ಇಳಿಸಿ ಹರವಿಬಿಡ್ರಿ ಅತ್ತಿ. ದಿನಾ ನೀರು ಚಿಮುಕಸ್ರಿ."

"ನನಗ ಸಸಿ ಎಬ್ಬಸಾದು ಕಲಸ್ತಿಯೇನು? ಹೋಗಿ ಬಾ," ಎಂದರು ಅತ್ತೆ.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾರ್ನಮಿಗೆ, ಅಂದರೆ ದಸರೆಗೆ, ನಮ್ಮ ಮನೆಯಲ್ಲಿ ಘಟ್ಟ ಹಾಕುತ್ತಾರೆ. ದೇವರ ಜಗಲಿಯ ಮೇಲೆ ಹೊಲದ ಮಣ್ಣು ಹರಡಿ, ಜೋಳ, ಗೋಧಿ, ಸಜ್ಜೆ ಎಲ್ಲ ಬೆರೆಸಿ ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಡುವುದು. ಅದಕ್ಕೆ ಬೆಳಕು ತಾಗಬಾರದು, ಯಾರೂ ಇಣುಕಬಾರದು, ಕದಲಿಸಬಾರದು. ಹಬ್ಬದ ಕೊನೆಗೆ ಪರದೆ ಸರಿಸಿದರೆ ಬಂಗಾರದ ಬಣ್ಣದ ಎಳೆ ಸಸಿ ಎದ್ದು ನಿಂತಿರಬೇಕು. ಎಷ್ಟು ಉದ್ದ, ಎಷ್ಟು ಹಳದಿ, ಆ ಮನೆಗೆ ಅಷ್ಟು ಒಳ್ಳೆಯದು. ಹೆಂಗಸರು ಅದನ್ನು ಮುಡಿದುಕೊಳ್ಳುತ್ತಾರೆ, ಗಂಡಸರು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ನಮ್ಮ ಅತ್ತೆಯ ಘಟ್ಟವನ್ನು ನೋಡಲೆಂದೇ ಓಣಿಯ ಹೆಂಗಸರು ಬರುತ್ತಿದ್ದರು. ಅವರ ಸಸಿ ಗೇಣುದ್ದ ಎದ್ದಿರುತ್ತಿತ್ತು, ಅರಿಸಿನದಲ್ಲಿ ಅದ್ದಿದಂತೆ.

ತವರಿನಿಂದ ದಿನವೂ ಫೋನ್ ಮಾಡಿದೆ. ಮೊಳಕೆ ಬಂದವು ಎಂದರು. ಹರವಿದಿರೇನು ಎಂದು ಕೇಳಿದೆ, ಹರವಿದೆ ಎಂದರು. ಹೇಗಿವೆ ಎಂದರೆ, "ಭಾಳ ಚಲೋ ಎದ್ದಾವ, ಬಂದು ನೋಡುವಂತಿ" ಎಂದರು. ಆ ದನಿಯಲ್ಲಿ ಅಷ್ಟು ಸಂಭ್ರಮವಿತ್ತು. ನಾನು ನಿಶ್ಚಿಂತೆಯಿಂದ ಇನ್ನೂ ಒಂದೆರಡು ದಿನ ಉಳಿದುಬಿಟ್ಟೆ.

ಬಸ್ಸಿಳಿದು ಮನೆಗೆ ಬಂದವಳು ಚೀಲ ಇಡುವುದಕ್ಕೆ ಮೊದಲು ಹಿಂದಿನ ಹೊಲಕ್ಕೆ ಓಡಿದೆ. ಪರದೆಯ ಕೆಳಗೆ ಏನೂ ಇರಲಿಲ್ಲ. ಅತ್ತೆ ನಗುತ್ತಾ ಬಂದು ಕೈ ಹಿಡಿದು ಕಾಳಿನ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಗೆ ಹಳೆಯ ಕಂಬಳಿ ಹೊಡೆದಿದ್ದರು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದರು. ಟ್ರೇಗಳನ್ನು ನಾನು ಹೇಳಿದಂತೆ ಇಳಿಸಿ ಹರವಿದ್ದರು, ನೀರನ್ನೂ ತಪ್ಪಿಸಿರಲಿಲ್ಲ. ಮೂಲೆಯಲ್ಲಿ ಒಂದಿಷ್ಟು ಕುಂಕುಮ, ಎರಡು ಊದಿನಕಡ್ಡಿ. ಅವರು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

ಕೋಣೆಯ ತುಂಬ ಟೊಮೆಟೊ ಸಸಿಗಳು ಹಳದಿಯಾಗಿ, ಉದ್ದಕ್ಕೆ, ಬಿಳಿ ದಾರದಂಥ ಕಾಲುಗಳ ಮೇಲೆ ಒಂದರ ಮೇಲೊಂದು ವಾಲಿಕೊಂಡು ನಿಂತಿದ್ದವು.

"ನನ್ನ ಘಟ್ಟದಾಗೂ ಇಷ್ಟು ಚಲೋ ಎದ್ದಿದ್ದಿಲ್ಲ," ಎಂದರು ಅತ್ತೆ. "ಉಚ್ಚಂಗೆಮ್ಮಗ ಹರಕಿ ಹೊತ್ತೀನಿ ನಿನ್ನ ಸಲವಾಗಿ."

ಕೇಡು ಬಯಸಿ ಮಾಡಿದ್ದರೆ ಜಗಳ ಮಾಡಬಹುದಿತ್ತು. ಆಟ ಎಂದು ಹಂಗಿಸಿದವರು ಅದೇ ಆಟಕ್ಕೆ ಹರಕೆ ಹೊತ್ತು ಕುಳಿತಿದ್ದಾರೆ, ಇದಕ್ಕೆ ಏನನ್ನೋಣ? ಒಂದು ಟ್ರೇ ಎತ್ತಿಕೊಂಡು ತಿಪ್ಪೆಯ ಕಡೆ ನಡೆದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೂ ಸಿಟ್ಟು ಬರುತ್ತಿತ್ತು. ಅತ್ತೆ ದಾರಿಗೆ ಅಡ್ಡ ಬಂದು ನಿಂತರು.

"ಎಲ್ಲಿಗಿ ಒಯ್ಯಾಕತ್ತಿ?"

"ತಿಪ್ಪಿಗ್ರಿ. ಇವು ಸಸಿ ಅಲ್ಲ, ಹೆಣ."

"ಹೆಣ ಅಂತ ಹೆಂಗ ಹೇಳ್ತಿ? ಮುಟ್ಟಿ ನೋಡಿಯೇನು?"

ತೋರಿಸಿಯೇ ಬಿಡೋಣ ಎಂದು ಒಂದು ಸಸಿಯನ್ನು ಕುಳಿಯ ಮಣ್ಣಿನ ಸಮೇತ ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ಕುತ್ತಿಗೆ ಮುರಿದು ಕೈಗೆ ಬರುತ್ತದೆ ಎಂದುಕೊಂಡೇ ಉಗುರಿನಿಂದ ಒತ್ತಿದೆ. ಮುರಿಯಲಿಲ್ಲ. ತೆಳ್ಳಗಿತ್ತು, ಆದರೆ ಒಳಗೆ ಗಟ್ಟಿಯಿತ್ತು. ಮಣ್ಣು ಉದುರಿಸಿದೆ, ಬೇರು ಹಾಲಿನಂತೆ ಬಿಳಿಯಾಗಿತ್ತು. ಎರಡು ಎಲೆಗಳೂ ಸುರುಟದೆ ಪೂರ್ತಿ ಬಿಚ್ಚಿಕೊಂಡಿದ್ದವು. ರೋಗದ ಹಳದಿಯಾದರೆ ಎಲೆಯ ನರ ಒಂದು ಬಣ್ಣ, ಮೈ ಒಂದು ಬಣ್ಣ ಇರುತ್ತದೆ, ಅಂಚು ಸುಟ್ಟಿರುತ್ತದೆ. ಇದು ತುದಿಯಿಂದ ಬುಡದವರೆಗೆ ಒಂದೇ ಹಳದಿ. ಸೂರ್ಯನನ್ನೇ ಕಾಣದ ಸಸಿ, ಅಷ್ಟೇ. ಕಾಯಿಲೆ ಬಿದ್ದದ್ದಲ್ಲ.

ಇನ್ನೊಂದು ಎತ್ತಿದೆ, ಮತ್ತೊಂದು ಎತ್ತಿದೆ. ದಾರಿಯ ನಡುವೆ ಕುಕ್ಕರಗಾಲಲ್ಲಿ ಕುಳಿತು ಆ ಟ್ರೇಯ ಒಂದು ಸಾಲನ್ನೇ ಮುಟ್ಟಿ ನೋಡಿದೆ. ಅಲ್ಲೊಂದು ಇಲ್ಲೊಂದು ಕುತ್ತಿಗೆ ಕಂದಿತ್ತು, ಉಳಿದವೆಲ್ಲ ಜೀವಂತ.

"ಏನಾತು?" ಎಂದರು ಅತ್ತೆ.

"ಬದುಕ್ಯಾವ," ಎಂದೆ.

"ನಾನು ಹೇಳಲಿಲ್ಲೇನು," ಎಂದು ಅವರು ಒಳಗೆ ಹೋಗಿ ಚಹಾಕ್ಕೆ ಇಟ್ಟರು. ತಪ್ಪು ತಮ್ಮದು ಎನ್ನುವುದು ಅವರ ತಲೆಗೇ ಹೋಗಿರಲಿಲ್ಲ. ನನಗೂ ಆಗ ಅದನ್ನು ತಿಳಿಸಿ ಹೇಳುವ ಪುರಸೊತ್ತಿರಲಿಲ್ಲ.

ಬದುಕಿದ್ದರೆ ಸಾಲದು, ನಿಲ್ಲಬೇಕಲ್ಲ. ಅಷ್ಟುದ್ದದ ಕಾಲಿನ ಸಸಿಯನ್ನು ಹಾಗೇ ಬೆಳೆಸಿದರೆ ಗಾಳಿಗೆ ಮಲಗುತ್ತದೆ. ನನ್ನ ತಾಯಿ ಹಿತ್ತಲಲ್ಲಿ ಉದ್ದಕ್ಕೆ ಹೋದ ಟೊಮೆಟೊ ಸಸಿಯನ್ನು ಕುತ್ತಿಗೆ ಮೀರಿ, ಎಲೆಯ ತನಕ ಹೂಳುತ್ತಿದ್ದರು. ಮೆಣಸಿನಕಾಯಿ ಸಸಿಗೆ ಹಾಗೆ ಮಾಡಿದರೆ ಕೊಳೆಯಬಹುದು. ಟೊಮೆಟೊ ಹಾಗಲ್ಲ, ಮಣ್ಣು ತಾಗಿದ ಕಡೆಯೆಲ್ಲ ಕಾಂಡದಿಂದಲೇ ಬೇರು ಬಿಡುತ್ತದೆ. ಅಷ್ಟೂ ಸಸಿಯನ್ನು ಒಂದೊಂದಾಗಿ ಎತ್ತಿ, ದೊಡ್ಡ ಕುಳಿಯ ಟ್ರೇಗಳಿಗೆ ಎಲೆಯ ತನಕ ಹೂತು ನೆಡುವುದು ಎಂದು ತೀರ್ಮಾನಿಸಿದೆ. ಗಂಡ ಟ್ರೇ ತರಲು ಹರಪನಹಳ್ಳಿಗೆ ಗಾಡಿ ತಿರುಗಿಸಿದರು. ಅವರು ಏನೂ ಕೇಳಲಿಲ್ಲ. ನನ್ನ ಮುಖ ನೋಡಿದರೆ ಕೇಳಬೇಕೋ ಬೇಡವೋ ಎನ್ನುವುದು ಅವರಿಗೆ ತಿಳಿಯುತ್ತದೆ.

ಅತ್ತೆ, ನಾನು ಎದುರುಬದುರು ಕುಳಿತೆವು. ನಾನು ಆರಿಸುವುದು, ಅವರು ನೆಡುವುದು. ಕುತ್ತಿಗೆ ಕಂದಿದ್ದನ್ನು ನಾನು ಬುಟ್ಟಿಗೆ ಎಸೆದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ.

"ಅದಕ್ಕೇನಾಗೇತಿ? ಎಲಿ ಚಲೋ ಐತಲ್ಲ."

"ಎಲಿ ನೋಡಬ್ಯಾಡ್ರಿ ಅತ್ತಿ, ಕುತಿಗಿ ನೋಡ್ರಿ. ಇದು ಸಾಯ್ತೈತಿ, ಸಾಯುವಾಗ ಬಾಜೂದನ್ನೂ ಕರಕೊಂಡು ಹೋಗ್ತೈತಿ."

"ಮೊಳತದ್ದನ್ನ ಹೊರಗ ಒಗಿತಾರೇನು? ನಿನಗ ಕೈ ಹೆಂಗ ಬರ್ತೈತಿ?"

ಹೀಗೆ ಪ್ರತಿ ಟ್ರೇಗೂ ಒಂದು ಜಗಳ. ಒಂದು ಹೊತ್ತಿನಲ್ಲಿ ಅವರು ಇದ್ದಕ್ಕಿದ್ದಂತೆ ಸುಮ್ಮನಾದರು, ಒಪ್ಪಿಕೊಂಡರು ಎಂದೇ ತಿಳಿದೆ. ಎರಡು ದಿನ ಬಿಟ್ಟು ನೋಡಿದರೆ ಕೊನೆಯ ಸಾಲಿನ ಟ್ರೇಗಳಲ್ಲಿ ಸಸಿಗಳು ಗುಂಪುಗುಂಪಾಗಿ ಮಲಗಿವೆ. ನಾನು ಎದ್ದು ನೀರು ಕುಡಿಯಲು ಹೋದಾಗಲೆಲ್ಲ ಅತ್ತೆ ಬುಟ್ಟಿಯಿಂದ ಎಸೆದವನ್ನು ಹೆಕ್ಕಿ ಅಂಚಿನ ಕುಳಿಗಳಲ್ಲಿ ನೆಟ್ಟುಬಿಟ್ಟಿದ್ದರು. ಅವು ಸತ್ತಿದ್ದಲ್ಲದೆ ಪಕ್ಕದವನ್ನೂ ಕೆಡಿಸಿದ್ದವು.

ಆ ಟ್ರೇಗಳನ್ನು ತಂದು ಅವರ ಮುಂದಿಟ್ಟೆ. ಬೈಯಲಿಲ್ಲ, ಕುತ್ತಿಗೆಗಳನ್ನು ಮಾತ್ರ ತೋರಿಸಿದೆ. ಅತ್ತೆ ಬಿದ್ದ ಸಸಿಯೊಂದನ್ನು ಎತ್ತಿ, ಕಣ್ಣ ಹತ್ತಿರ ತಂದು, ಬೆರಳಲ್ಲಿ ಉಜ್ಜಿ ನೋಡಿದರು. ನಿಂತಿರುವ ಸಸಿಯೊಂದನ್ನು ಎತ್ತಿ ಅದನ್ನೂ ಉಜ್ಜಿದರು. ಆಮೇಲೆ ತಾವೇ ಎದ್ದು ಹೋಗಿ, ಕೆಟ್ಟ ಟ್ರೇಗಳನ್ನು ತಿಪ್ಪೆಗೆ ಹಾಕಿ ಕೈ ತೊಳೆದುಕೊಂಡು ಬಂದರು.

ಅವತ್ತಿನಿಂದ ನನಗೆ ಬೇರೆಯದೇ ಕಾಟ ಶುರುವಾಯಿತು. ಬೆಳಿಗ್ಗೆ ಎದ್ದವರೇ ಪರದೆಯ ಕೆಳಗೆ ಹೋಗಿ ಸಾಲುಸಾಲಾಗಿ ಕುತ್ತಿಗೆ ಮುಟ್ಟಿ ನೋಡುವುದು, ಸ್ವಲ್ಪ ಅನುಮಾನ ಬಂದರೂ ಕಿತ್ತೆಸೆಯುವುದು. "ಅದು ಚಲೋ ಇತ್ತಲ್ರಿ ಅತ್ತಿ" ಎಂದು ಈಗ ನಾನು ಗೋಗರೆಯಬೇಕು. "ನಿನಗ ಕನಿಕರ ಜಾಸ್ತಿ" ಎಂದು ನನಗೇ ಹೇಳಿದರು. ನಗು ತಡೆಯಲಾಗದೆ ನಾನು ಬೋರ್‌ವೆಲ್ ಕಡೆ ಮುಖ ತಿರುಗಿಸಿದೆ.

ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ ಹಳದಿ ಎಲೆ ಸುಟ್ಟುಹೋಗುತ್ತದೆ. ಮೊದಲು ಎರಡು ಪದರ ಪರದೆ, ಆಮೇಲೆ ಒಂದು, ಆಮೇಲೆ ಬೆಳಗಿನ ಎಳೆಬಿಸಿಲು. ಹಸಿರು ಮೊದಲು ನರಗಳಲ್ಲಿ ಕಾಣಿಸಿತು, ಮೆಲ್ಲಗೆ ಎಲೆಯ ಮೈಗೆಲ್ಲ ಹಬ್ಬಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಅಷ್ಟೂ ಟ್ರೇಗಳು ಹಸಿರು. ಕಾಂಡ ದಪ್ಪಗಾಗಿ ಬುಡದಲ್ಲಿ ಸ್ವಲ್ಪ ನೇರಳೆ ಬಣ್ಣ ಬಂದಿತ್ತು. ಎಲೆಗಳ ಮೇಲೆ ಅಂಗೈ ಆಡಿಸಿದರೆ ಬಗ್ಗಿ ಮತ್ತೆ ಎದ್ದು ನಿಲ್ಲುತ್ತಿದ್ದವು. ನಾನು ಸುಮ್ಮಸುಮ್ಮನೆ ಎಷ್ಟು ಸಲ ಹಾಗೆ ಅಂಗೈ ಆಡಿಸಿದೆನೋ. ಗೆದ್ದೆ ಅನ್ನಿಸಿದ್ದು ಆ ಬೆಳಿಗ್ಗೆಯೇ, ಗಿರಾಕಿ ಬರುವುದಕ್ಕೆ ಮೊದಲೇ.

ಆದರೂ ಗಿರಾಕಿ ಬಂದ ದಿನ ಬೆಳಿಗ್ಗೆಯಿಂದ ಟ್ರೇಗಳನ್ನು ಮೂರು ಸಲ ಸರಿಸಿಟ್ಟಿದ್ದೆ. ಕೂಡ್ಲಿಗಿಯ ರೈತ ಪರದೆಯ ಕೆಳಗೆ ಬಂದು, ಸೊಂಟದ ಮೇಲೆ ಕೈ ಇಟ್ಟು ನಿಂತು, ಮುಖ ಗಂಟಿಕ್ಕಿದ.

"ಗಿಡ್ಡ ಅದಾವಲ್ಲ ತಂಗಿ. ಬ್ಯಾರೆ ಕಡಿ ಇದರ ಎರಡಷ್ಟು ಎತ್ತರ ಕೊಡ್ತಾರ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಉದ್ದ ಇದ್ರ ಮುಡ್ಕೊಳ್ಳಾಕ ಚಲೋ ತಮ್ಮಾ, ನೆಡಾಕಲ್ಲ. ನೀನು ಮುಡ್ಕೊಳ್ಳಾಕ ಬಂದಿಯೋ, ನೆಡಾಕ ಬಂದಿಯೋ?"

ಅವನು ಕಕ್ಕಾಬಿಕ್ಕಿಯಾಗಿ ನನ್ನ ಗಂಡನ ಕಡೆ ನೋಡಿದ. ಅವರು ಗಾಡಿಯ ಚಕ್ರ ನೋಡುತ್ತಾ ನಿಂತಿದ್ದರು. ಅವನು ಬಗ್ಗಿ, ನಡುವಿನ ಟ್ರೇಯಿಂದ ಒಂದು ಸಸಿ ಕಿತ್ತ.

"ಎಲಿ ಅಲ್ಲ, ಕುತಿಗಿ ನೋಡು," ಎಂದರು ಅತ್ತೆ.

ಅವನು ಕುತ್ತಿಗೆ ಒತ್ತಿದ. ಬುಡದ ಉಂಡೆಯನ್ನು ತಿರುಗಿಸಿ ನೋಡಿದ, ಬಿಳಿ ಬೇರು ಸುತ್ತಲೂ ಹೆಣೆದುಕೊಂಡು ಮಣ್ಣು ಒಂದಿಷ್ಟೂ ಉದುರಲಿಲ್ಲ. ಮಣ್ಣನ್ನು ಬೆರಳಲ್ಲಿ ಬಿಡಿಸಿದ. ಹೂತ ಕಾಂಡದ ಉದ್ದಕ್ಕೂ, ಎಲೆಯ ಕೆಳಗಿನ ತನಕ, ಬರೀ ಬೇರು. ಅದನ್ನು ಮಾತ್ರ ಅವನು ಎಲ್ಲೂ ಕಂಡಿರಲಿಲ್ಲ ಎಂದು ಕಾಣುತ್ತದೆ, ಎರಡು ಸಲ ಎತ್ತಿ ಹಿಡಿದು ನೋಡಿದ. ಮೂಲೆಯ ಟ್ರೇಯಿಂದ ಒಂದು ಕಿತ್ತ, ಹಿಂದಿನ ಸಾಲಿನಿಂದ ಒಂದು ಕಿತ್ತ. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅತ್ತೆ ಕೈ ತಡೆದರು.

"ಎಷ್ಟರ ಕೀಳ್ತಿ? ಕಿತ್ತದ್ದೂ ನಿನ್ನ ಲೆಕ್ಕಕ್ಕ ನೋಡು."

ಅವನು ನಕ್ಕುಬಿಟ್ಟ. ಅಷ್ಟು ಹೊತ್ತಿನಲ್ಲಿ ಅವನು ನಕ್ಕದ್ದು ಅದೇ ಮೊದಲು. "ಎಲ್ಲಾ ಏರಸ್ರಿ ಗಾಡಿಗೆ," ಎಂದ.

ಒಂದು ಟ್ರೇಯೂ ಉಳಿಯಲಿಲ್ಲ. ವಾರ ಕಳೆದು ಅವನೇ ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದ. ಅವನ ಹೊಲದಲ್ಲಿ ಗಾಳಿ ಬೋರೆಂದು ಬೀಸುತ್ತಿತ್ತು, ನನ್ನ ಸಸಿಗಳು ನೇರ ನಿಂತಿದ್ದವು. ಅದನ್ನು ನಾನು ಅತ್ತೆಗೆ ತೋರಿಸಿದೆ. ಅತ್ತೆ ಅದನ್ನು ಓಣಿಗೆಲ್ಲ ತೋರಿಸಿದರು, ಅದೂ ನನ್ನ ಫೋನನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ. ಕೊಟ್ಟೂರು ಕಡೆಯ ಇಬ್ಬರು ಬಂದು ಬದನೆ ಸಸಿಗೆ ಹೇಳಿ ಹೋದರು. ಆಗಲಿ ಎಂದು ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೋಡ ಕಟ್ಟತೊಡಗಿತ್ತು.

ಮಳೆ ಬಂತು. ಒಂದು ಸಂಜೆ ಶುರುವಾಗಿ, ಹೊಲ ನೆನೆಯುವಷ್ಟು ಚೆನ್ನಾಗಿಯೇ ಬಂತು. ಬೆಳಿಗ್ಗೆ ಊರೆಲ್ಲ ಬಿತ್ತನೆಯ ಗಡಿಬಿಡಿ. ಪ್ರತಿ ವರ್ಷ ಇದನ್ನೂ ನಮ್ಮ ಆಚೆಯ ಹೊಲವನ್ನೂ ಬಿತ್ತುವ ಟ್ರ್ಯಾಕ್ಟರ್‌ನವನು ಕೂರಿಗೆ ಸಿಕ್ಕಿಸಿಕೊಂಡು ಹಿತ್ತಲ ಕಡೆ ಬರುವ ಸದ್ದು ಕೇಳಿಸಿತು. ಮಾತು ಅಂದರೆ ಮಾತು. ನಾನು ಯಾರ ಮುಂದೆಯೂ ಬೇಡುವವಳಲ್ಲ. ಎದ್ದು ಹೋಗಿ ಪರದೆಯ ಹಗ್ಗ ಬಿಚ್ಚತೊಡಗಿದೆ. ಗಂಟು ಮಳೆಗೆ ಬಿಗಿದುಕೊಂಡಿತ್ತು, ಹಲ್ಲಿನಿಂದ ಎಳೆದೆ.

ಅತ್ತೆ ಹಿಂಬಾಗಿಲಿನಿಂದ ಬಂದರು. ನನ್ನನ್ನು ನೋಡಿದರು, ಬಿಚ್ಚಿದ ಹಗ್ಗವನ್ನು ನೋಡಿದರು. ನನ್ನ ಹತ್ತಿರ ಬರಲಿಲ್ಲ, ನೇರ ಟ್ರ್ಯಾಕ್ಟರ್ ಹತ್ತಿರ ಹೋದರು.

"ಇಲ್ಲಿಂದ ಸುರು ಮಾಡ್ಲೇನಮ್ಮ, ವರ್ಸಾ ಮಾಡಿದಂಗ?" ಎಂದು ಅವನು ಕೇಳಿದ.

"ನನ್ನ ಯಾಕ ಕೇಳ್ತಿ?" ಎಂದರು ಅತ್ತೆ. "ಇದು ನನ್ನ ಸೊಸಿ ಹೊಲ. ಅಕಿನ್ನ ಕೇಳು."

ಅವನು ಇಂಜಿನ್ ನಿಲ್ಲಿಸಿ ನನ್ನ ಕಡೆ ತಿರುಗಿದ. ಈ ಊರಿಗೆ ಬಂದ ಮೇಲೆ ಹೊಲದ ವಿಷಯವಾಗಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಬಿಚ್ಚಿದ್ದ ಹಗ್ಗವನ್ನು ಮತ್ತೆ ಕಂಬಕ್ಕೆ ಸುತ್ತಿ, ಎರಡು ಗಂಟು ಹಾಕಿ, ಬಿಗಿ ಎಳೆದು ನೋಡಿ, ಆಮೇಲೆ ಹೇಳಿದೆ.

"ಆಚಿ ಹೊಲಕ್ಕ ಹೋಗಪ್ಪ. ಇಲ್ಲಿ ಸಸಿ ಹಾಕ್ತೀವಿ."